ಫ್ರೀಜ್ ಡ್ರೈಯರ್ ಇಲ್ಲದೆ ಕೈಟೋಸಾನ್ ಸ್ಪಂಜು: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಶಿರಸಿಯ ಹತ್ತಿರದ ನನ್ನ ಮಾವನ ಮನೆಯ ತೋಟದಲ್ಲಿ ಎಡಗಾಲಿಗೆ ಎರಡು ಉಂಬಳ (ಕಾಡಿನ ಜಿಗಣೆ) ಹತ್ತಿದವು. ಅವನ್ನು ಕೀಳದೆ, ಸುಣ್ಣ ಮುಟ್ಟಿಸದೆ, ಹೊಟ್ಟೆ ತುಂಬಿ ತಾವಾಗಿಯೇ ಉದುರುವ ತನಕ ಕಾದೆ. ಬಳಿಕ ಒಂದು ಗಾಯಕ್ಕೆ ಬರಿಯ ಗಾಜ್ ಬಟ್ಟೆಯನ್ನೂ ಇನ್ನೊಂದಕ್ಕೆ ಸೀಗಡಿ ಸಿಪ್ಪೆಯಿಂದ ಕಾರವಾರದಲ್ಲಿ ನಾನೇ ಮಾಡಿದ, ರಕ್ತ ನಿಲ್ಲಿಸುವ ಕೈಟೋಸಾನ್ ಸ್ಪಂಜಿನ ಹೆಬ್ಬೆರಳಿನ ಉಗುರಿನಷ್ಟು ತುಂಡನ್ನೂ ಒಂದೇ ಬಗೆಯಲ್ಲಿ ಒತ್ತಿ ಹಿಡಿದು, ಜಗಲಿಯ ಮೇಲೆ ಗಡಿಯಾರ ನೋಡುತ್ತ ಕುಳಿತೆ. ಸ್ಪಂಜು ಇಟ್ಟ ಗಾಯದ ರಕ್ತ ಸುಮಾರು 4 ನಿಮಿಷಕ್ಕೆ ನಿಂತಿತು. ಗಾಜ್ ಇಟ್ಟ ಗಾಯ ಸಂಜೆ ದೀಪ ಹಚ್ಚುವ ಹೊತ್ತಿಗೂ ಒಸರುತ್ತಿತ್ತು. ಆ ಮಳೆಗಾಲದಲ್ಲಿ ಹೀಗೆ ಒಟ್ಟು 11 ಜೋಡಿ ಗಾಯಗಳನ್ನು ನೋಡಿದೆ. 9 ಸಲ ಫಲ ಇದೇ ಆಗಿತ್ತು.

ಉಂಬಳದ ಗಾಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹೀಮಾಡಿಪ್ಸಾ ಕುಲದ ಉಂಬಳದ ಜೊಲ್ಲಿನಲ್ಲಿರುವ ಹೀಮಾಡಿನ್ ಎಂಬ ವಸ್ತು, ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ನನ್ನು ಕಟ್ಟಿಹಾಕುವುದರಿಂದ ರಕ್ತ ತನ್ನ ಮಾಮೂಲು ದಾರಿಯಲ್ಲಿ ಹೆಪ್ಪುಗಟ್ಟಲಾರದು. ಕೈಟೋಸಾನ್ ಆ ದಾರಿಯನ್ನು ಕಾಯದೆ, ತನ್ನ ಧನ ವಿದ್ಯುದಂಶದಿಂದ ಕೆಂಪು ಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ನೇರವಾಗಿ ಎಳೆದು ಗುಡ್ಡೆ ಮಾಡುತ್ತದೆ. ಅಮೆರಿಕದ ಸೈನಿಕರು ಬಳಸಿದ, 2002ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಹೆಮ್‌ಕಾನ್ ಪಟ್ಟಿ ಕೆಲಸ ಮಾಡುವುದೂ ಇದೇ ಗುಣದಿಂದ. ನನ್ನ ಸ್ಪಂಜಿಗೆ ಇದಕ್ಕಿಂತ ಕಠಿಣ ಪರೀಕ್ಷೆ ನಮ್ಮ ಮಲೆನಾಡಿನಲ್ಲಿ ಇನ್ನೊಂದು ಸಿಗಲಾರದು ಎಂದು ನಾನು ಈಗಲೂ ನಂಬಿದ್ದೇನೆ.

ಈ ಕೆಲಸಕ್ಕೆ ಇಳಿದಾಗ, ಇದೇ ಕ್ಷೇತ್ರದಲ್ಲಿ ನನಗಿಂತ ಹೆಚ್ಚು ಕಾಲ ದುಡಿದ ಇಬ್ಬರು ಹಿರಿಯರು ಎರಡು ಮಾತು ಹೇಳಿದ್ದರು. ಫ್ರೀಜ್ ಡ್ರೈಯರ್, ಅಂದರೆ ಹೆಪ್ಪುಗಟ್ಟಿದ ನೀರನ್ನು ನಿರ್ವಾತದಲ್ಲಿ ನೇರವಾಗಿ ಆವಿಯಾಗಿಸಿ ಒಣಗಿಸುವ ಯಂತ್ರ, ಇಲ್ಲದೆ ರಂಧ್ರಗಳಿರುವ ಸ್ಪಂಜು ಬರುವುದಿಲ್ಲ ಎನ್ನುವುದು ಒಂದು. ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆಯುವ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಹಾಕಿ ಬಿಗಿಯದೆ ಹೋದರೆ ಅದು ರಕ್ತದಲ್ಲಿ ಗಂಜಿಯಾಗುತ್ತದೆ ಎನ್ನುವುದು ಇನ್ನೊಂದು. ಸಣ್ಣ ಯಂತ್ರಕ್ಕೇ ನನಗೆ ಬಂದ ದರಪಟ್ಟಿ 4 ಲಕ್ಷ ದಾಟಿತ್ತು. ಗ್ಲುಟರಾಲ್ಡಿಹೈಡ್ ಜೀವಕೋಶಗಳಿಗೆ ವಿಷ, ತೆರೆದ ಗಾಯದ ಹತ್ತಿರ ಅದನ್ನು ತರುವ ಮನಸ್ಸು ನನಗಿರಲಿಲ್ಲ. ಕಾಲೇಜಿನ ಪ್ರಯೋಗಾಲಯದ ಒಂದು ಮೂಲೆ, ಮನೆಯ ಹಿಂದಿನ ಶೆಡ್ಡು ಮತ್ತು ಭವಿಷ್ಯ ನಿಧಿಯಿಂದ ತೆಗೆದ ಒಂದಿಷ್ಟು ಹಣ, ಇಷ್ಟೇ ನನ್ನ ಬಂಡವಾಳವಾಗಿತ್ತು.

ಸೀಗಡಿ ಸಿಪ್ಪೆ ಕಾರವಾರದ ಬೈತಖೋಲ ಬಂದರಿನಿಂದ ಬಂತು. ಸೀಗಡಿ ಸುಲಿಯುವ ಶೆಡ್ಡಿನ ಹೆಂಗಸರು, ಅಂದರೆ ಶೆಟ್ಲಿ ಸುಲಿದು ಗುಡ್ಡೆ ಹಾಕಿ ಸಿಪ್ಪೆಯನ್ನು ಎಸೆಯುತ್ತಿದ್ದವರು, ಮೊದಲ ದಿನ “ಮಾಸ್ತರರೇ, ಇದನ್ನ ಒಯ್ದು ಏನ್ ಮಾಡ್ತೀರಿ?” ಎಂದು ಕೇಳಿ ಬುಟ್ಟಿಗಟ್ಟಲೆ ಪುಕ್ಕಟೆ ಕೊಟ್ಟರು. ಮೂರನೆಯ ತಿಂಗಳಿನಿಂದ ಕೇಜಿಗೆ 5 ರೂಪಾಯಿ ಕೊಟ್ಟೆ. ತಲೆ ಬೇರೆ, ಮೈಸಿಪ್ಪೆ ಬೇರೆ ಮಾಡಿ ಇಟ್ಟಿರುತ್ತಿದ್ದ ಅವರ ಕೆಲಸಕ್ಕೆ ಅದು ಕಡಿಮೆಯೇ. ತಲೆಯ ಭಾಗದಲ್ಲಿ ಪ್ರೋಟೀನು ಮತ್ತು ಕೊಬ್ಬು ಹೆಚ್ಚು, ಅದನ್ನು ಬಿಟ್ಟ ಮೇಲೆ ನನ್ನ ಕ್ಷಾರದ ಖರ್ಚು ಮೂರನೆಯ ಒಂದು ಭಾಗ ಇಳಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಮೇ ತಿಂಗಳಲ್ಲಿಯೇ ಸಿಪ್ಪೆ ಒಣಗಿಸಿ ಕೂಡಿಡಬೇಕು. ಮೊದಲ ವರ್ಷ ಸರಿಯಾಗಿ ಒಣಗದ ಸುಮಾರು 60 ಕೇಜಿ ಸಿಪ್ಪೆ ಗೋಣಿಯಲ್ಲಿಯೇ ಕೊಳೆತು, ನೆರೆಯವರ ಕ್ಷಮೆ ಕೇಳಿ ತೆಂಗಿನ ಬುಡಕ್ಕೆ ಹೂಳಬೇಕಾಯಿತು. ಹಸಿ ಸಿಪ್ಪೆ 40 ಕೇಜಿಗೆ ಕೊನೆಯಲ್ಲಿ ಕೈಗೆ ಬರುವ ಕೈಟೋಸಾನ್ ಒಂದೂಕಾಲು ಕೇಜಿಯ ಆಸುಪಾಸು.

ಆಮ್ಲದಲ್ಲಿ ಸುಣ್ಣ ತೆಗೆಯುವುದು, ತೆಳು ಕ್ಷಾರದಲ್ಲಿ ಪ್ರೋಟೀನು ತೆಗೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಐಎಫ್‌ಟಿ) ಬಹಳ ಹಿಂದೆಯೇ ಈ ದಾರಿಯನ್ನು ಹದಗೊಳಿಸಿದೆ, ನಾನು ಅದರಲ್ಲಿ ಹೊಸದೇನನ್ನೂ ಮಾಡಿಲ್ಲ. ನಾನು ಸೋತದ್ದು ಅದರ ಮುಂದಿನ ಹಂತದಲ್ಲಿ, ಅಂದರೆ ಉಳಿದ ಕೈಟಿನ್ನಿನಿಂದ ಅಸಿಟೈಲ್ ಎಂಬ ಅಣುಗುಂಪನ್ನು ತೆಗೆದು ಕೈಟೋಸಾನ್ ಮಾಡುವಲ್ಲಿ. ಬೇಗ ಮುಗಿಸುವ ಆತುರದಲ್ಲಿ 50 ಪ್ರತಿಶತ ಕಾಸ್ಟಿಕ್ ಸೋಡಾದಲ್ಲಿ 110 ಡಿಗ್ರಿಯಲ್ಲಿ ಕುದಿಸಿದೆ. ಅಸಿಟೈಲ್ ಹೋಯಿತು, ಅದರ ಜೊತೆಗೆ ಅಣುಸರಪಳಿಯೂ ತುಂಡಾಯಿತು. ಆ ಕೈಟೋಸಾನಿನ 2 ಪ್ರತಿಶತ ದ್ರಾವಣ ಅಕ್ಕಿ ತೊಳೆದ ನೀರಿನಂತೆ ಗಾಜಿನ ಕಡ್ಡಿಯಿಂದ ತೊಟತೊಟ ಬಿದ್ದಿತು. ಹದ ಬಂದ ದ್ರಾವಣ ಕಡ್ಡಿ ಎತ್ತಿದರೆ ಗೇಣುದ್ದದ ಎಳೆಯಾಗಿ ಇಳಿಯಬೇಕು, ಎಳೆ ತುಂಡಾದ ಮೇಲೆ ತುದಿ ಮೇಲಕ್ಕೆ ಸೆಳೆದುಕೊಳ್ಳಬೇಕು. ಬೆಲ್ಲದ ಎಳೆಪಾಕ ನೋಡಿದವರಿಗೆ ಇದು ಕಣ್ಣಿನಲ್ಲೇ ಗೊತ್ತಾಗುತ್ತದೆ, ನಾನು ದ್ರಾವಣದ ಮಂದತನ ಅಳೆಯುವ ವಿಸ್ಕೋಮೀಟರಿಗಿಂತ ಮೊದಲು ಅದನ್ನೇ ನೋಡುತ್ತೇನೆ. ಈಗ 40 ಪ್ರತಿಶತದಲ್ಲಿ, 75 ಡಿಗ್ರಿಯ ಹತ್ತಿರ, ನಡುವೆ ಒಮ್ಮೆ ತೊಳೆದು ಎರಡು ಸರದಿಯಲ್ಲಿ ಮಾಡುತ್ತೇನೆ. ಟೈಟ್ರೇಶನ್ ಪ್ರಕಾರ ಅಸಿಟೈಲ್ ತೆಗೆದ ಪ್ರಮಾಣ 80 ಪ್ರತಿಶತದ ಆಚೀಚೆ ಬರುತ್ತದೆ. ಈ ಪಾಠ ಕಲಿಯಲು ಕೆಟ್ಟ ಏಳು ಬ್ಯಾಚುಗಳಿಗೆ ಸುಮಾರು 30 ಸಾವಿರ ರೂಪಾಯಿ ಹೋಯಿತು.

ಇನ್ನು ಯಂತ್ರದ ಮಾತು. ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಕೈಟೋಸಾನ್ ದ್ರಾವಣವನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಕರಗುವ ಮೊದಲೇ ಅದೇ ಚಳಿಯ ಆಲ್ಕೋಹಾಲಿನಲ್ಲಿ ಕ್ಷಾರ ಬೆರೆಸಿ ಮುಳುಗಿಸಿದರೆ, ಆಲ್ಕೋಹಾಲು ಮಂಜುಗಡ್ಡೆಯನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ, ಕ್ಷಾರ ಆಮ್ಲವನ್ನು ತಟಸ್ಥಗೊಳಿಸುತ್ತದೆ, ಮಂಜಿನ ಹರಳುಗಳಿದ್ದ ಜಾಗ ರಂಧ್ರವಾಗಿ ಉಳಿಯುತ್ತದೆ. ಆಮ್ಲ ಹೋದ ಕೈಟೋಸಾನ್ ರಕ್ತದಲ್ಲಿ ಕರಗುವುದಿಲ್ಲವಾದ್ದರಿಂದ ಹಿರಿಯರ ಎರಡೂ ಸಂಶಯಗಳಿಗೆ ಒಂದೇ ತೊಟ್ಟಿಯಲ್ಲಿ ಉತ್ತರ ಸಿಕ್ಕಿತು. ಫ್ರೀಜ್ ಜೆಲೇಶನ್ ಎಂಬ ಈ ವಿಧಾನ ನನ್ನ ಆವಿಷ್ಕಾರವಲ್ಲ. 22 ಸಾವಿರ ರೂಪಾಯಿಯ, ಐಸ್‌ಕ್ರೀಮ್ ಇಡುವಂಥ ಡೀಪ್ ಫ್ರೀಜರಿನಲ್ಲಿ ಅದನ್ನು ಪ್ರತಿ ಸಲವೂ ಒಂದೇ ರೀತಿ ಬರುವಂತೆ ಮಾಡಿದ್ದು ಮಾತ್ರ ನನ್ನದು.

ಎಥನಾಲಿಗೆ ಅಬಕಾರಿ ಪರವಾನಗಿ ಬೇಕು, ಅದಕ್ಕಾಗಿ ಅಲೆದು ಐದು ತಿಂಗಳು ಕಳೆದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಬಂದಾಗ ಹೊಸ ತೊಡಕು ಎದುರಾಯಿತು. ಕ್ಷಾರ ಸ್ವಲ್ಪ ಹೆಚ್ಚಾದರೂ ತೊಟ್ಟಿಯಲ್ಲಿ ಮೇಲೆ ಆಲ್ಕೋಹಾಲು, ಕೆಳಗೆ ಕ್ಷಾರದ ನೀರು ಎಂದು ಎರಡು ಪದರವಾಗಿ, ತಟ್ಟೆಯ ತಳ ಗಟ್ಟಿಯಾಗಿ ಮೇಲ್ಭಾಗ ಲೋಳೆಯಾಗಿ ಉಳಿಯಿತು. ಪದರ ಒಡೆಯದ ಪ್ರಮಾಣವನ್ನು ಹುಡುಕಲು ನಾಲ್ಕು ತಿಂಗಳು ಬೇಕಾಯಿತು. ಆ ಪ್ರಮಾಣವನ್ನೂ ಎಷ್ಟು ಸಲ ತೊಟ್ಟಿ ಬದಲಿಸುತ್ತೇನೆ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ತೊಳೆಯುವ ವಿಷಯದಲ್ಲಿ ಮಾತ್ರ ಏನನ್ನೂ ಮುಚ್ಚಿಡಲಾರೆ: ಹೊರಮೈ ತಟಸ್ಥವಾಗಿದ್ದರೂ ಸ್ಪಂಜಿನ ಹೊಟ್ಟೆಯಲ್ಲಿ ಕ್ಷಾರ ಉಳಿದಿರುತ್ತದೆ. ಒಮ್ಮೆ ಮುಂಗೈ ಮೇಲೆ ಇಟ್ಟು ನೋಡಿದಾಗ ಅರ್ಧ ಗಂಟೆಯಲ್ಲಿ ಚರ್ಮ ಕೆಂಪಾಗಿ ಉರಿಯಿತು. ಅಂದಿನಿಂದ ಪ್ರತಿ ಬ್ಯಾಚಿನ ಒಂದು ತುಂಡನ್ನು ನಡುವೆ ಕತ್ತರಿಸಿ, ಕತ್ತರಿಸಿದ ಮುಖಕ್ಕೆ, ಕ್ಷಾರವಿದ್ದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಹಾಕಿ, ಗುಲಾಬಿಯ ಸುಳಿವೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಉಳಿದವನ್ನು ಒಣಗಿಸುತ್ತೇನೆ.

ಒಂದು ಲಾಭ ಆಕಸ್ಮಿಕವಾಗಿ ಬಂತು. ಆಗಸ್ಟಿನ ಗಾಳಿಮಳೆಗೆ ಕರೆಂಟು ಹೋಗಿ, ಫ್ರೀಜರಿನ ಒಳಗಿನ ಉಷ್ಣತೆ ಮೈನಸ್ 20ರಿಂದ ಮೈನಸ್ 6ರ ಹತ್ತಿರಕ್ಕೆ ಏರಿ, ಐದಾರು ಗಂಟೆಯ ಬಳಿಕ ಮತ್ತೆ ಇಳಿಯಿತು. ಕೆಟ್ಟಿತೆಂದು ಎಸೆಯಲಿದ್ದ ಆ ತಟ್ಟೆಗಳ ಸ್ಪಂಜು ತನ್ನ ತೂಕದ 20 ಪಟ್ಟಿಗೂ ಹೆಚ್ಚು ನೀರನ್ನು ಹಿಡಿದುಕೊಂಡಿತು. ಅದಕ್ಕೂ ಮೊದಲಿನವು 12 ಪಟ್ಟಿನ ಮೇಲೆ ಹೋಗಿರಲಿಲ್ಲ. ಹೀಗೆ ಬೆಚ್ಚಗೆ ನಿಂತಾಗ ಸಣ್ಣ ಹರಳುಗಳು ಕರಗಿ ದೊಡ್ಡವು ಬೆಳೆಯುತ್ತವೆ. ಈಗ ಕರೆಂಟು ಇದ್ದರೂ ಬೇಕೆಂದೇ ಆ ಏರಿಳಿತ ಕೊಡುತ್ತೇನೆ.

ಮುಖ್ಯ ಕೆಲಸದ ನಡುವೆ ಮಾಡಿದ ಪ್ರಯೋಗಗಳಲ್ಲಿ ಎರಡನ್ನು ಹೇಳಬೇಕು. ಅಡಿಕೆ ಬೇಯಿಸಿದ ಚೊಗರಿನಲ್ಲಿ ಟ್ಯಾನಿನ್ ತುಂಬಿರುತ್ತದೆ, ಅದು ಕೈಟೋಸಾನನ್ನು ಬಿಗಿಯುತ್ತದೆ. ಮಾವನ ಮನೆಯ ಚೊಗರಿನಲ್ಲಿ ಅದ್ದಿದ ಸ್ಪಂಜು ಗಟ್ಟಿಯಾದರೂ ಹಪ್ಪಳದಂತೆ ಮುರಿಯಿತು. ಕಂದು ಬಣ್ಣದಿಂದಾಗಿ ರಕ್ತ ನಿಂತಿತೋ ಇಲ್ಲವೋ ಕಾಣದಾಯಿತು. ಎರಡನೆಯದು ಬೊಂಡಾಸದ (ಸ್ಕ್ವಿಡ್) ಬೆನ್ನೊಳಗಿನ ಪಾರದರ್ಶಕ ಕಡ್ಡಿ. ಅದರಲ್ಲಿರುವುದು ಕೈಟಿನ್ನಿನ ಇನ್ನೊಂದು ರೂಪವಾದ ಬೀಟಾ ಕೈಟಿನ್, ಸುಣ್ಣವಂತೂ ಇಲ್ಲವೆನ್ನುವಷ್ಟು ಕಡಿಮೆ, ಕ್ಷಾರಕ್ಕೆ ಬೇಗ ಬಗ್ಗುತ್ತದೆ, ಬಣ್ಣ ಹಾಲಿನಂತೆ ಬಿಳಿ. ಸೀಗಡಿಯದಕ್ಕೆ ಇದನ್ನು ಸ್ವಲ್ಪ ಬೆರೆಸಿದ ಸ್ಪಂಜು ಬೆರಳಿನ ಸುತ್ತ ಸುತ್ತಿದರೂ ಒಡೆಯುವುದಿಲ್ಲ. ಎಷ್ಟು ಬೆರೆಸಬೇಕೆಂಬುದು ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲಿಯೇ ಇರಲಿ.

ಕ್ರಿಮಿಶುದ್ಧಿ ಇನ್ನೂ ಪೂರ್ತಿ ಬಗೆಹರಿದಿಲ್ಲ. ಒತ್ತಡದ ಹಬೆ ಕೊಡುವ ಆಟೋಕ್ಲೇವಿನಲ್ಲಿ ಸ್ಪಂಜು ಹಳದಿಯಾಗಿ ಕುಗ್ಗಿತು. 25 ಕಿಲೋಗ್ರೇ ಗಾಮಾ ವಿಕಿರಣ ಕೊಡಿಸಿದಾಗ ರೂಪ ಉಳಿದರೂ ಸರಪಳಿ ತುಂಡಾಗಿ ಒದ್ದೆಯಲ್ಲಿ ಮೊದಲಿನ ಬಿಗಿ ಉಳಿಯಲಿಲ್ಲ. ಎಥಿಲೀನ್ ಆಕ್ಸೈಡ್ ಅನಿಲ ಚೆನ್ನಾಗಿ ಒಗ್ಗಿದೆ, ಆದರೆ ಅನಿಲದ ಶೇಷ ಹೋಗುವವರೆಗೆ ಕಾಯಬೇಕು ಮತ್ತು ಒಂದು ಪೆಟ್ಟಿಗೆಗೆ ತಗಲುವ ಖರ್ಚು ಸ್ಪಂಜಿನ ಖರ್ಚಿಗಿಂತ ಹೆಚ್ಚು. 10 ಸೆಂಟಿಮೀಟರು ಚೌಕದ ಒಂದು ಸ್ಪಂಜಿಗೆ, ನನ್ನ ದುಡಿಮೆಯನ್ನು ಬಿಟ್ಟು, 35ರಿಂದ 40 ರೂಪಾಯಿ ಬೀಳುತ್ತದೆ. ಮೂರು ವರ್ಷಗಳಲ್ಲಿ ಒಟ್ಟು ಎರಡೂಮುಕ್ಕಾಲು ಲಕ್ಷ ಖರ್ಚಾಗಿದೆ.

ಶಿರಸಿ ಕಡೆಯ ಪಶುವೈದ್ಯರೊಬ್ಬರು ನನ್ನ ಕಾಲನ್ನು ನೋಡಿ, ಕೋಡು ಮುರಿದ ದನಗಳಿಗೆ ಇದನ್ನು ಬಳಸಿ ನೋಡೋಣವೆಂದರು. ಮೊದಲ ಹಸುವಿನಲ್ಲಿ ಸೋತೆವು. ಕೋಡಿನ ಬುಡದಿಂದ ಚಿಮ್ಮುವ ರಕ್ತ ತೆಳುವಾದ ಸ್ಪಂಜನ್ನು ತೇಲಿಸಿಕೊಂಡು ಹೋಯಿತು. ಎರಡನೆಯದಕ್ಕೆ ಬೆರಳು ದಪ್ಪದ ಸ್ಪಂಜು ಮಾಡಿ ಒಯ್ದೆ. ಡಾಕ್ಟರು ಅದನ್ನು ಕೋಡಿನ ಟೊಳ್ಳಿನೊಳಗೆ ಇಟ್ಟು ಅಂಗೈಯಿಂದ 6 ನಿಮಿಷ ಒತ್ತಿ ಹಿಡಿದರು. ಕೈ ತೆಗೆದಾಗ ಸ್ಪಂಜು ಕಡುಗೆಂಪಾಗಿ, ಗಟ್ಟಿಯಾಗಿ, ಎಲುಬಿಗೆ ಅಂಟಿಕೊಂಡೇ ಇತ್ತು. ಅದರ ಅಂಚಿನಲ್ಲಿ ಹೊಸ ರಕ್ತದ ಒಂದು ಹನಿಯೂ ಇರಲಿಲ್ಲ. ನಾಲ್ಕನೆಯ ದಿನ ಉಪ್ಪುನೀರಿನಲ್ಲಿ ನೆನೆಸಿ ಅದನ್ನು ಬಿಡಿಸಿದಾಗ ಒಳಗೆ ಹುಳು ಬಿದ್ದಿರಲಿಲ್ಲ. ಈವರೆಗೆ ಆರು ದನಗಳಿಗೆ ಹಾಕಿದ್ದಾರೆ, ಐದರಲ್ಲಿ ರಕ್ತ ನಿಂತಿದೆ.

ಮನುಷ್ಯರಿಗೆ ಕೊಡಿ ಎಂದು ಕೇಳಿದವರಿಗೆಲ್ಲ ಇಲ್ಲವೆಂದಿದ್ದೇನೆ. ಅದಕ್ಕೆ 2017ರ ವೈದ್ಯಕೀಯ ಸಾಧನಗಳ ನಿಯಮದಂತೆ ಪರವಾನಗಿ ಬೇಕು, ದೇಹಕ್ಕೆ ಒಗ್ಗುತ್ತದೆಯೇ ಎಂದು ನೋಡುವ ಐಎಸ್‌ಒ 10993ರ ಪರೀಕ್ಷೆಗಳು ಆಗಬೇಕು, ಸೀಗಡಿ ಒಗ್ಗದವರ ಬಗ್ಗೆ ವಿಶೇಷ ಎಚ್ಚರ ಬೇಕು. ಮೊದಲ ಪರೀಕ್ಷೆಗೆ ಕಳಿಸಲು ಒಂದೇ ಬ್ಯಾಚಿನ 40 ಸ್ಪಂಜುಗಳನ್ನು ಎತ್ತಿಟ್ಟಿದ್ದೇನೆ. ಫ್ರೀಜ್ ಡ್ರೈಯರ್ ಇಲ್ಲದೆ ಆಗದು ಎಂದಿದ್ದ ಹಿರಿಯರಲ್ಲಿ ಒಬ್ಬರು ಕಳೆದ ತಿಂಗಳು ಮನೆಗೆ ಬಂದು, ಒಂದು ತುಂಡನ್ನು ನೀರಿನಲ್ಲಿ ಹಿಂಡಿ, ಬಿಟ್ಟು, ಮತ್ತೆ ಹಿಂಡಿ ನೋಡಿ, ತಮ್ಮ ಪ್ರಯೋಗಾಲಯಕ್ಕೆಂದು ಹತ್ತು ಕೇಳಿ ಒಯ್ದರು.