ಗೇರ್ ಬಾಕ್ಸ್ ಬಾಳಿಕೆ: ಒಳಗಿನ ಹಿತ್ತಾಳೆ ಉಂಗುರ ಉಳಿಸಿಕೊಳ್ಳುವುದು ಹೇಗೆ?

ಸಣ್ಣ ಕಾರಿನ ಗೇರ್ ಬಾಕ್ಸ್ ಕೆಟ್ಟಿತು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಹಲ್ಲು ಮುರಿದ ಚಕ್ರ, ಅಲ್ವಾ? ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಕಾಣುವುದೇ ಬೇರೆ. ಉಕ್ಕಿನ ಹಲ್ಲುಗಳು ಗಟ್ಟಿಯಾಗಿಯೇ ಇರುತ್ತವೆ. ಸವೆದಿರುವುದು ಅವುಗಳ ಪಕ್ಕದಲ್ಲಿ ಕೂತ ತೆಳ್ಳನೆಯ ಹಿತ್ತಾಳೆ ಉಂಗುರ. ಅದೇ ಸಿಂಕ್ರೊ ರಿಂಗ್. ಅದಾದ ಮೇಲೆ ಬೇರಿಂಗ್ ಮತ್ತು ಸೆಲೆಕ್ಟರ್ ಫೋರ್ಕ್‌ಗಳ ಸರದಿ. ಈ ಮೂರೂ ಎಷ್ಟು ಕಾಲ ಬಾಳುತ್ತವೆ ಎನ್ನುವುದು ಬಹುಪಾಲು ಓಡಿಸುವವರ ಎಡಗಾಲು ಮತ್ತು ಒಳಗಿರುವ ಆಯಿಲ್ ಮೇಲೆ ನಿಂತಿದೆ.

ಮೊದಲು, ಒಳಗೆ ನಡೆಯುವುದೇನು?

ಗೇರ್ ಬದಲಿಸಿದಾಗ ಚಕ್ರಗಳು ಒಂದನ್ನು ಬಿಟ್ಟು ಇನ್ನೊಂದನ್ನು ಕಚ್ಚಿಕೊಳ್ಳುತ್ತವೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಮುಂದಕ್ಕೆ ಹೋಗುವ ಗೇರ್‌ಗಳೆಲ್ಲ ಜೋಡಿ ಜೋಡಿಯಾಗಿ ಸದಾ ಕಚ್ಚಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಚಕ್ರ ಮಾತ್ರ ತನ್ನ ಶಾಫ್ಟ್ ಮೇಲೆ ಸಡಿಲವಾಗಿ ಸುತ್ತುತ್ತಿರುತ್ತದೆ. ನೀವು ಲಿವರ್ ಎಳೆದಾಗ ಕವಲಿನಂಥ ಫೋರ್ಕ್ ಒಂದು ಸ್ಲೀವನ್ನು, ಅಂದರೆ ಶಾಫ್ಟ್ ಜೊತೆ ತಿರುಗುತ್ತಾ ಅತ್ತಿತ್ತ ಜಾರುವ ಬಳೆಯನ್ನು ತಳ್ಳುತ್ತದೆ. ಆ ಸ್ಲೀವ್ ಹೋಗಿ ಸಡಿಲ ಚಕ್ರವನ್ನು ಶಾಫ್ಟ್‌ಗೆ ಬಿಗಿಯುತ್ತದೆ.

ಆದರೆ ಆ ಹೊತ್ತಿನಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ. ಅದನ್ನು ಸರಿಹೊಂದಿಸುವುದೇ ಉಂಗುರದ ಕೆಲಸ. ಅದು ಚಕ್ರದ ಕೊರಳನ್ನು ಬ್ರೇಕ್‌ನಂತೆ ಒತ್ತಿ ಹಿಡಿಯುತ್ತದೆ. ಎರಡರ ವೇಗವೂ ಒಂದಾದ ಮೇಲಷ್ಟೇ ಸ್ಲೀವ್‌ಗೆ ದಾರಿ ಬಿಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಈ ಏರ್ಪಾಡು ಬರುವ ಮುನ್ನ, ಒಂದೊಂದು ಗೇರ್‌ಗೂ ಎರಡೆರಡು ಸಲ ಕ್ಲಚ್ ತುಳಿದು ಚಾಲಕರೇ ವೇಗ ಹೊಂದಿಸಬೇಕಿತ್ತು.

ಇಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ವೇಗದ ಅಂತರ ಎರಡು ಪಟ್ಟಾದರೆ ಉಂಗುರ ತಾಳಿಕೊಳ್ಳಬೇಕಾದ ಬಿಸಿ ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯವಾಗಿ ಎರಡನೇ ಗೇರ್‌ನ ಉಂಗುರವೇ ಮೊದಲು ಸೋಲುವುದು ಇದಕ್ಕೇ. ಊರೊಳಗೆ ಓಡಿಸುವಾಗ ಅದರ ಬಳಕೆ ಜಾಸ್ತಿ, ಅಂತರವೂ ಜಾಸ್ತಿ.

ಹೆಜ್ಜೆ 1: ಲಿವರ್‌ಗೆ ಅರ್ಧ ಕ್ಷಣ ಕೊಡಿ

ಕ್ಲಚ್ ಪೂರ್ತಿ ತುಳಿಯಿರಿ. ಮುಕ್ಕಾಲು ತುಳಿದರೆ ಎಂಜಿನ್, ಗೇರ್ ಬಾಕ್ಸ್ ಒಳಗಿನ ಶಾಫ್ಟನ್ನು ಇನ್ನೂ ತಿರುಗಿಸುತ್ತಲೇ ಇರುತ್ತದೆ. ಆಗ ಉಂಗುರ ಎಂಜಿನ್ ಜೊತೆಗೇ ಗುದ್ದಾಡಬೇಕು. ಲಿವರನ್ನು ನ್ಯೂಟ್ರಲ್‌ಗೆ ತಂದು ಒಂದು ಚೂರು ತಡೆಯಿರಿ. ಆಮೇಲೆ ಮುಂದಿನ ಗೇರ್ ಕಡೆಗೆ ಮೆತ್ತಗೆ ಒತ್ತಿ ಹಿಡಿಯಿರಿ. ಉಂಗುರ ದಾರಿ ಬಿಟ್ಟಾಗ ಲಿವರ್ ತಾನಾಗಿ ಒಳಗೆ ಜಾರುತ್ತದೆ. ಅದು ಕೈಗೆ ಗೊತ್ತಾಗುತ್ತದೆ. ಒಂದು ವಾರ ಹೀಗೆ ಓಡಿಸಿದರೆ ಅಭ್ಯಾಸವಾಗಿಬಿಡುತ್ತದೆ. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುತ್ತೀರಿ ಎಂದಾದರೆ ಅದು ಇದೇ ಆಗಿರಲಿ.

ವೇಗ ಇಳಿಸುವಾಗ ನಾಲ್ಕರಿಂದ ನೇರ ಎರಡಕ್ಕೆ ಹಾಕುವ ಮುನ್ನ ಬ್ರೇಕ್ ಒತ್ತಿ ಕಾರನ್ನು ಸಾಕಷ್ಟು ನಿಧಾನ ಮಾಡಿ. ಮೊದಲ ಗೇರ್‌ಗೆ ಬರುವುದು ಕಾರು ನಿಂತಾಗ ಅಥವಾ ನಿಲ್ಲುವಷ್ಟು ನಿಧಾನವಾದಾಗ.

ಗೇರ್ ಹಾಕಿದ ಮೇಲೆ ಕೈ ತೆಗೆಯಿರಿ. ಸುಮ್ನೆ ಲಿವರ್ ಮೇಲೆ ಕೈ ಇಟ್ಟುಕೊಂಡು ಓಡಿಸುವುದು ತುಂಬಾ ಜನರ ರೂಢಿ. ಫೋರ್ಕ್ ತಿರುಗುವುದಿಲ್ಲ, ಸ್ಲೀವ್ ತಿರುಗುತ್ತಲೇ ಇರುತ್ತದೆ. ಕೈಯ ಭಾರ ಬಿದ್ದಾಗಲೆಲ್ಲ ಫೋರ್ಕ್ ಅದಕ್ಕೆ ತಾಗಿ ಉಜ್ಜುತ್ತದೆ.

ರಿವರ್ಸ್‌ಗೆ ಅನೇಕ ಸಣ್ಣ ಕಾರುಗಳಲ್ಲಿ ಸಿಂಕ್ರೊ ಉಂಗುರವೇ ಇಲ್ಲ. ಕಾರು ಪೂರ್ತಿ ನಿಲ್ಲಲಿ. ಕ್ಲಚ್ ತುಳಿದು ಎರಡು ಮೂರು ಸೆಕೆಂಡ್ ಕಾಯಿರಿ. ಆಗಲೂ ಕರ್ರ್ ಎಂದರೆ ಕ್ಲಚ್ ಬಿಡದೆ ಒಮ್ಮೆ ಮೊದಲ ಗೇರ್‌ಗೆ ಹಾಕಿ, ಆಮೇಲೆ ರಿವರ್ಸ್ ಹಾಕಿ.

ಹೆಜ್ಜೆ 2: ಹಲ್ಲಿಗೆ ಏಟು ಬೀಳದಂತೆ ನೋಡಿಕೊಳ್ಳಿ

ಸಣ್ಣ ಕಾರಿನಲ್ಲಿ ಮೊದಲ ಗೇರ್ ಎಂಜಿನ್‌ನ ತಿರುಚುಬಲವನ್ನು ಸುಮಾರು ಮೂರೂವರೆ ಪಟ್ಟು ಮಾಡುತ್ತದೆ. ಕೊನೆಯ ಜೋಡಿ ಚಕ್ರಗಳು ಅದನ್ನು ಮತ್ತೆ ಸುಮಾರು ನಾಲ್ಕು ಪಟ್ಟು ಮಾಡುತ್ತವೆ. ಎಂಜಿನ್ 100 ನ್ಯೂಟನ್ ಮೀಟರ್ ಕೊಟ್ಟರೆ ಗಾಲಿಗಳ ಕಡೆಗೆ ಹೋಗುವುದು ಹೆಚ್ಚುಕಡಿಮೆ 1,400. ಎಂಜಿನ್ ರೇಗಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಹಲ್ಲುಗಳ ಮೇಲೆ ಬೀಳುವುದು ಇದಕ್ಕಿಂತಲೂ ದೊಡ್ಡ ಏಟು. ಎಂಜಿನ್ ಟ್ಯೂನ್ ಮಾಡಿಸಿ ಬಲ ಹೆಚ್ಚಿಸಿಕೊಂಡವರು ಇನ್ನಷ್ಟು ಹುಷಾರಾಗಿರಬೇಕು. ಗೇರ್ ಬಾಕ್ಸ್ ಹಳೆಯದೇ ತಾನೇ.

ಕೆಸರಿನಲ್ಲಿ ಸಿಕ್ಕಿ ಒಂದೇ ಗಾಲಿ ಗಿರಗಿರ ತಿರುಗುತ್ತಿದ್ದರೆ ಆಕ್ಸಿಲರೇಟರ್ ಬಿಡಿ. ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗವೇ ಡಿಫರೆನ್ಷಿಯಲ್. ಒಂದೇ ಗಾಲಿ ತಿರುಗುವಾಗ ಅದರೊಳಗಿನ ಪುಟ್ಟ ಚಕ್ರಗಳು ತಮ್ಮ ಪಿನ್ ಮೇಲೆ ವಿಪರೀತ ವೇಗದಲ್ಲಿ ಸುತ್ತುತ್ತವೆ. ಆಯಿಲ್ ಪದರ ಹರಿದು ಪಿನ್ ಕಚ್ಚಿಕೊಂಡರೆ ಇಡೀ ಪೆಟ್ಟಿಗೆಯೇ ಒಡೆಯಬಹುದು.

ಹೆಜ್ಜೆ 3: ಆಯಿಲ್ ಬದಲಿಸಿ

ಎಂಜಿನ್ ಆಯಿಲ್ ಫಿಲ್ಟರ್ ಮೂಲಕ ಹಾಯುತ್ತದೆ. ಸಣ್ಣ ಕಾರುಗಳ ಗೇರ್ ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ಫಿಲ್ಟರೂ ಇಲ್ಲ, ಪಂಪೂ ಇಲ್ಲ. ದೊಡ್ಡ ಚಕ್ರ ಎರಚಿದಷ್ಟೇ ಆಯಿಲ್ ಉಳಿದವಕ್ಕೆ ಸಿಗುವುದು. ಸವೆದ ಪುಡಿಯಲ್ಲಿ ತಳದ ಬೋಲ್ಟಿನ ಅಯಸ್ಕಾಂತಕ್ಕೆ ಅಂಟದ್ದೆಲ್ಲ ಅದರಲ್ಲೇ ಸುತ್ತುತ್ತಿರುತ್ತದೆ. ಕೆಲವು ಕೈಪಿಡಿಗಳು ‘ಬದಲಿಸುವುದೇ ಬೇಡ’ ಎನ್ನುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಕೈಪಿಡಿ ಅವಧಿ ಹೇಳದಿದ್ದರೆ 60,000 ಕಿಲೋಮೀಟರ್‌ಗೊಮ್ಮೆ ಬದಲಿಸಿ ಎನ್ನುತ್ತೇನೆ. ಬೇಕಾಗುವುದು ಹೆಚ್ಚಿನ ಸಣ್ಣ ಕಾರುಗಳಿಗೆ ಎರಡು ಲೀಟರ್ ಆಸುಪಾಸು.

ಆಯಿಲ್ ದರ್ಜೆಯ ಬಗ್ಗೆ ಎಚ್ಚರ. ಡಬ್ಬಿಯ ಮೇಲೆ ಅದು ಜಿಎಲ್-4, ಜಿಎಲ್-5 ಎಂದು ಇರುತ್ತದೆ. ಕೈಪಿಡಿ ಜಿಎಲ್-4 ಎಂದಿದ್ದರೆ ಜಿಎಲ್-4 ಅನ್ನೇ ಹಾಕಿ. ಜಿಎಲ್-5 ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಅದು ಮುಖ್ಯವಾಗಿ ಹಿಂದಿನ ಆಕ್ಸಲ್‌ನಲ್ಲಿ ಹಲ್ಲುಗಳು ಒಂದರ ಮೇಲೊಂದು ಜೋರಾಗಿ ಜಾರುವ ಹೈಪಾಯ್ಡ್ ಗೇರ್‌ಗಳಿಗಾಗಿ ಬಂದದ್ದು. ಎಂಜಿನ್ ಅಡ್ಡಲಾಗಿ ಕೂತ ಸಣ್ಣ ಕಾರಿನಲ್ಲಿ ಆ ಗೇರ್ ಇರುವುದೇ ಇಲ್ಲ. ಜಿಎಲ್-5ರ ಜಾರಿಕೆಗೆ ಉಂಗುರದ ಹಿಡಿತ ತಪ್ಪಬಹುದು. ಅದರಲ್ಲಿನ ಗಂಧಕದ ಅಂಶ ಕೆಲವೊಮ್ಮೆ ಹಿತ್ತಾಳೆಯನ್ನೇ ತಿನ್ನುತ್ತದೆ.

ಕಾರನ್ನು ಹದಿನೈದು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾಗಲು ಬಿಡಿ. ಕಾರನ್ನು ಸಮತಟ್ಟಾಗಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಮೊದಲು ಮೇಲಿನ, ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ. ಅದು ಬಿಚ್ಚಿದ ಮೇಲಷ್ಟೇ ಕೆಳಗಿನದಕ್ಕೆ ಕೈ ಹಾಕಿ. ಇಲ್ಲದಿದ್ದರೆ ಇದ್ದ ಆಯಿಲ್ ಹೋಗಿ, ಹೊಸದನ್ನು ತುಂಬಲು ದಾರಿ ಇಲ್ಲದೆ ನಿಲ್ಲಬೇಕಾದೀತು.

ಕೆಳಗಿನ ಬೋಲ್ಟ್‌ನ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಚಿಂತೆ ಬೇಡ. ಉಕ್ಕಿನ ಚೂರು ಸಿಕ್ಕರೆ ಹಲ್ಲು ಇಲ್ಲವೇ ಬೇರಿಂಗ್ ಒಡೆದಿರಬಹುದು. ಹೊರಬಂದ ಆಯಿಲನ್ನು ಬಿಸಿಲಿಗೆ ಹಿಡಿಯಿರಿ. ಚಿನ್ನದಂಥ ಹೊಳಪು ತೇಲಿದರೆ ಅದು ಸಿಂಕ್ರೊ ಉಂಗುರದ ಪುಡಿ. ಆಮೇಲೆ ಹೊಸ ವಾಷರ್ ಹಾಕಿ ಕೆಳಗಿನ ಬೋಲ್ಟ್ ಬಿಗಿಯಿರಿ. ಪೆಟ್ಟಿಗೆ ಅಲ್ಯೂಮಿನಿಯಂ, ಜಾಸ್ತಿ ಬಿಗಿದರೆ ತೂತಿನೊಳಗಿನ ಮರೆ (ಥ್ರೆಡ್) ಹಾಳಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಮೇಲಿನ ತೂತಿನಿಂದ ಆಯಿಲ್ ಹೊರಗೆ ಜಿನುಗುವವರೆಗೆ ತುಂಬಿದರೆ ಮಟ್ಟ ಸರಿ. ಕೆಲವಕ್ಕೆ ಅಳೆದೇ ಹಾಕಬೇಕು.

ಹಾಗೇ ಡ್ರೈವ್ ಶಾಫ್ಟ್ ಒಳಗೆ ಹೋಗುವ ಜಾಗದ ಆಯಿಲ್ ಸೀಲ್ ಒದ್ದೆಯಾಗಿದೆಯೇ ನೋಡಿ. ಎಷ್ಟೋ ಗೇರ್ ಬಾಕ್ಸ್‌ಗಳು ಹಾಳಾಗುವುದು ಈ ಸಣ್ಣ ಸೋರಿಕೆಯಿಂದಲೇ. ಐದನೇ ಗೇರ್ ತುದಿಯ ಮುಚ್ಚಳದೊಳಗೆ ಒಂಟಿಯಾಗಿರುವ ಕಾರುಗಳಲ್ಲಿ, ಆಯಿಲ್ ಇಳಿದಾಗ ಮೊದಲು ಒಣಗುವುದು ಅದೇ.

ಹೆಜ್ಜೆ 4: ಸದ್ದು ಕೇಳಿ

ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ನಲ್ಲಿಡಿ. ಗೊರಗೊರ ಸದ್ದು ಕೇಳಿ, ಕ್ಲಚ್ ತುಳಿದಾಗ ಅದು ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ ಪಡಿ. ತುಳಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್‌ನ ರಿಲೀಸ್ ಬೇರಿಂಗ್. ಯಾವ ಗೇರ್‌ನಲ್ಲಿದ್ದರೂ ಕಾರಿನ ವೇಗದ ಜೊತೆಗೇ ಏರುವ ಗುಂಯ್ ಸದ್ದು ಡಿಫರೆನ್ಷಿಯಲ್ ಅಥವಾ ಗಾಲಿಯ ಬೇರಿಂಗ್‌ನದು. ಒಂದೇ ಗೇರ್‌ಗೆ ಹಾಕುವಾಗ ಮಾತ್ರ ಕರ್ರ್ ಎಂದರೆ ಆ ಗೇರ್‌ನ ಉಂಗುರ. ಎಲ್ಲ ಗೇರ್‌ಗಳಿಗೂ ಕರ್ರ್ ಎಂದರೆ ಮೊದಲು ಕ್ಲಚ್ ನೋಡಿಸಿ. ಬೆಳಗಿನ ಚಳಿಯಲ್ಲಿ ಮೊದಲ ಒಂದೆರಡು ಕಿಲೋಮೀಟರ್ ಗೇರ್ ಬಿಗಿಯಾಗಿದ್ದರೆ ಗಾಬರಿ ಬೇಡ. ಆಯಿಲ್ ಮಂದವಾಗಿರುತ್ತದೆ, ಅಷ್ಟೇ.

ಹೆಜ್ಜೆ 5: ಬಿಚ್ಚಿಸುವ ಮುನ್ನ ಹೊರಗಿನದನ್ನು ನೋಡಿ

ಗೇರ್ ಬೀಳುತ್ತಿಲ್ಲ ಎಂದ ಕೂಡಲೇ ಗೇರ್ ಬಾಕ್ಸ್ ಇಳಿಸಲು ಒಪ್ಪಬೇಡಿ. ಕ್ಲಚ್ ಕೇಬಲ್ ಸಡಿಲವಾಗಿರಬಹುದು, ಕ್ಲಚ್ ಆಯಿಲ್ ಕಡಿಮೆಯಾಗಿರಬಹುದು. ಲಿವರ್ ಕೇಬಲ್‌ನ ಬುಷ್ ಸವೆದಿರಬಹುದು. ಎಂಜಿನ್ ಮೌಂಟ್ ಹರಿದು ಎಂಜಿನ್ ವಾಲಿದರೂ ಗೇರ್ ಸರಿಯಾಗಿ ಕೂರುವುದಿಲ್ಲ. ಇವೆಲ್ಲ ಗೇರ್ ಬಾಕ್ಸ್ ಇಳಿಸದೆ ನೋಡಬಹುದಾದ ಕೆಲಸಗಳು.

ಬಿಚ್ಚಲೇಬೇಕಾಗಿ ಬಂದರೆ ಉಂಗುರವನ್ನು ಚಕ್ರಕ್ಕೆ ಒತ್ತಿ ಹಿಡಿದು, ನಡುವಿನ ಸಂದನ್ನು ತೆಳು ಪಟ್ಟಿಗಳ ಅಳತೆ ಸಾಧನವಾದ ಫೀಲರ್ ಗೇಜ್‌ನಿಂದ ಅಳೆಯಲು ಮೆಕ್ಯಾನಿಕ್‌ಗೆ ಹೇಳಿ. ಉಂಗುರ ಸವೆದಷ್ಟೂ ಸಂದು ಕಿರಿದಾಗುತ್ತದೆ. ಸರ್ವೀಸ್ ಪುಸ್ತಕದ ಮಿತಿಗಿಂತ ಕಡಿಮೆ ಇದ್ದರೆ ಬದಲಿಸಲೇಬೇಕು. ಅದೇ ಹೊತ್ತಿನಲ್ಲಿ ಸೀಲ್‌ಗಳನ್ನೂ, ಸದ್ದು ಮಾಡುವ ಬೇರಿಂಗ್‌ಗಳನ್ನೂ ಬದಲಿಸಿಬಿಡಿ. ಹೊಸ ಉಂಗುರವನ್ನು ಜೋಡಿಸುವ ಮುನ್ನ ಗೇರ್ ಆಯಿಲ್‌ನಲ್ಲಿ ಅದ್ದಬೇಕು. ಆಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಗೇರ್‌ಗಳನ್ನು ನಿಧಾನವಾಗಿ ಬದಲಿಸಿ. ಉಂಗುರ ಚಕ್ರದ ಕೊರಳಿಗೆ ಹೊಂದಿಕೊಳ್ಳಲು ಅಷ್ಟು ಓಟ ಬೇಕು.