ಗೋಡೆ ಕಟ್ಟದೆ ಬ್ಯಾಸ್ಟಿಯನ್ ಉಳಿಸಿಕೊಂಡದ್ದು: ನನ್ನ ಅನುಭವ

ವಿಜಯಪುರದವರಿಗೆ ಕೋಟೆ ಅಂದರೆ ಗೋಡೆ. ಊರ ಸುತ್ತ ಸುಮಾರು 10 ಕಿಲೋಮೀಟರ್ ಗೋಡೆ ನೋಡಿಕೊಂಡೇ ಬೆಳೆದವರು ನಾವು. ಹಾಗಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಪಾತ್ರ ಹಾಕಿ ಆಡುವ ಆಟದಲ್ಲಿ 5ನೇ ಲೆವೆಲ್ ತಲುಪಿ, ನಾಲ್ಕೂ ಜನ ಬ್ಯಾಸ್ಟಿಯನ್‌ಗಳನ್ನು (ಪ್ರತಿ ಪಾತ್ರದ ಸ್ವಂತ ಅಡ್ಡಾ) ಒಂದೇ ಕಟ್ಟಡಕ್ಕೆ ಸೇರಿಸಿದ ದಿನವೇ ಎಲ್ಲರೂ ಮೊದಲು ಗೋಡೆ ಅಂದರು. ನಾನು ಬೇಡ ಅಂದೆ. "ಗ್ವಾಡಿ ಇಲ್ಲದ ಮನಿಗೆ ಕಾವಲುಗಾರ್ರು ಎದಕ್ ಬೇಕೋ ದೋಸ್ತ?" ಅಂತ ವಿಝರ್ಡ್ ಆಡುವ ಗೆಳೆಯ ಕೇಳಿದ. ಈಗ 9ನೇ ಲೆವೆಲ್ ದಾಟಿದ್ದೇವೆ, ನಮ್ಮ ಒಂದೇ ಒಂದು ಫೆಸಿಲಿಟಿ (ಅಡ್ಡಾದೊಳಗಿನ ವಿಶೇಷ ಕೋಣೆ) ಇವತ್ತಿನವರೆಗೆ ಬಂದ್ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ನೋಡಿ. 2024ರ ರೂಲ್ಸ್ ಪ್ರಕಾರ ಗೋಡೆಯ ಪ್ರತಿ 5 ಅಡಿ ಚೌಕಕ್ಕೆ 250 ಗೋಲ್ಡ್, 10 ದಿನ. ನಮ್ಮ ಅಡ್ಡಾ ಸುತ್ತ ಹೆಚ್ಚುಕಮ್ಮಿ 60 ಚೌಕ ಬರುತ್ತಿತ್ತು. ಅಂದರೆ 15,000 ಗೋಲ್ಡ್, ಒಂದಾದ ಮೇಲೊಂದು ಕಟ್ಟಿದರೆ 600 ದಿನ. ನಾಲ್ವರ ಚೀಲ ಕೊಡವಿದರೂ 4,000 ಇರಲಿಲ್ಲ. ಅದೂ ಅಲ್ಲದೆ ಗೋಡೆ ಪೂರ್ತಿ ಸುತ್ತುವರಿಯುವವರೆಗೆ ಪೈಸೆಯಷ್ಟೂ ಲಾಭ ಇಲ್ಲ, ಅರ್ಧ ಗೋಡೆಗೆ ಅರ್ಧ ರಕ್ಷಣೆ ಅನ್ನೋದು ರೂಲ್ಸ್‌ನಲ್ಲೇ ಇಲ್ಲ.

ಅಟ್ಯಾಕ್ ಬಂದರೆ 6 ಡೈಸ್ ಉರುಳಿಸಬೇಕು, ಎಲ್ಲವೂ ಡಿ6, ಅಂದರೆ ಆರು ಮುಖದ್ದು. ಪ್ರತಿ 1ಕ್ಕೆ ಒಬ್ಬ ಕಾವಲುಗಾರ ಹೋದ, ಕಾವಲುಗಾರರೇ ಇಲ್ಲದಿದ್ದರೆ ಒಂದು ಫೆಸಿಲಿಟಿ ಬಂದ್. ಸರಾಸರಿ ಒಬ್ಬ. ಗೋಡೆ ಇದ್ದರೆ ಎರಡು ಡೈಸ್ ಕಮ್ಮಿ, ಸರಾಸರಿ 0.67. ಆರ್ಮರಿ (ಆಯುಧದ ಕೋಣೆ) ತುಂಬಿಸಿಟ್ಟರೆ ಡಿ6 ಬದಲು ಡಿ8, ಆಗ ಸರಾಸರಿ 0.75. ಇಷ್ಟು ಸಣ್ಣ ವ್ಯತ್ಯಾಸಕ್ಕೆ 15,000 ಸುರಿಯಬೇಕಾ? ನಾನು ಬ್ಯಾರಕ್ (ಕಾವಲುಗಾರರು ಇರುವ ಜಾಗ), ಆರ್ಮರಿ ಎರಡನ್ನೇ ತೆಗೆದುಕೊಂಡೆ. ಟರ್ನ್‌ಗೆ, ಅಂದರೆ ಆಟದೊಳಗಿನ ಒಂದು ವಾರಕ್ಕೆ, ನಾಲ್ಕು ಜನರಂತೆ ಮೂರು ಟರ್ನ್‌ನಲ್ಲಿ 12 ಕಾವಲುಗಾರರು ಬಿಟ್ಟಿ ಸಿಕ್ಕರು. ಆರ್ಮರಿ ತುಂಬಿಸಲು 100, ತಲೆಗೆ ಇನ್ನೂ 100, ಒಟ್ಟು 1,300. ಅಟ್ಯಾಕ್ ಮುಗಿದ ಮೇಲೆ ಆ ಸಾಮಾನೆಲ್ಲ ಖಾಲಿ, ಮತ್ತೆ 1,300 ಕಕ್ಕಬೇಕು. ಮೊದಲ ಸಲ ತುಂಬಿಸಿದ ಎರಡೇ ಟರ್ನ್‌ಗೆ ಅಟ್ಯಾಕ್ ಬಿತ್ತು. ಒಬ್ಬನೂ ಸಾಯಲಿಲ್ಲ, ಆದರೆ ದುಡ್ಡು ಹೋಯಿತು. "ಹೇಳಿದ್ದಿಲ್ಲೇನ?" ಅಂದರು ಎಲ್ಲರೂ. ನಾನು ಜಗ್ಗಲಿಲ್ಲ. ಅಡ್ಡಾದಲ್ಲಿ ಏನಾಯಿತು ಅಂತ ಡೈಸ್ ಹಾಕಿ ನೋಡುವ ಟೇಬಲ್‌ನಲ್ಲಿ ಅಟ್ಯಾಕ್ ಬೀಳುವ ಸಾಧ್ಯತೆ 100ಕ್ಕೆ 5 ಅಷ್ಟೇ. ಅದೂ ಮೇಂಟೇನ್ ಆರ್ಡರ್ (ಬೇರೆ ಕೆಲಸ ಬೇಡ, ಅಡ್ಡಾ ನೋಡಿಕೊಳ್ಳಿ ಅನ್ನೋ ಆರ್ಡರ್) ಕೊಟ್ಟಾಗ, ಇಲ್ಲಾ ನಾವು ದೂರ ಇದ್ದು ಆರ್ಡರ್ ಕೊಡಲು ಆಗದೇ ಇದ್ದಾಗ ಮಾತ್ರ. ಯಾವ ವಾರ ಯಾರು ಮೇಂಟೇನ್ ಕೊಡಬೇಕು ಅಂತ ನಾನೊಂದು ಪಟ್ಟಿ ಮಾಡಿದ್ದೇನೆ, ಅದನ್ನು ಇಲ್ಲಿ ಹಾಕಲ್ಲ. ನಮ್ಮ ಡಿಎಂ (ಆಟ ನಡೆಸುವವನು) ಇದನ್ನು ಓದುತ್ತಾನೆ.

ಒಂದು ವಿಷಯ ಡಿಎಂ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಬ್ಯಾಸ್ಟಿಯನ್ ಸೇರಿಸಿದ್ದರೆ ಗೆಳೆಯನ ಕಾವಲುಗಾರರ ನಷ್ಟವನ್ನು ನಾವು ಹೊರಬಹುದು. ಆದರೆ ಕಾವಲುಗಾರರೇ ಇಲ್ಲದವನಿಗೂ ಇದು ಸಲ್ಲುತ್ತದಾ? ಅರ್ಧ ಸೆಷನ್ ಇದರ ಮೇಲೇ ವಾದ ಆಯಿತು. ನಮ್ಮವನು ಒಪ್ಪಿದ. ಒಪ್ಪದಿದ್ದರೆ ನನ್ನ ಪ್ಲ್ಯಾನ್ ನಿಲ್ಲುತ್ತಿರಲಿಲ್ಲ.

ದುಡ್ಡು ಬರಲಿ ಅಂತ ರೋಗ್ ಪಾತ್ರ ಆಡುವ ಗೆಳೆಯ ಸ್ಟೋರ್‌ಹೌಸ್ (ಮಾಲಿನ ಗೋದಾಮು) ತೆಗೆದುಕೊಂಡಿದ್ದ. 5ನೇ ಲೆವೆಲ್‌ನಲ್ಲಿ 500ರ ಮಾಲಿಗೆ ಹತ್ತು ಪರ್ಸೆಂಟ್, ಅಂದರೆ ಒಂದು ಟರ್ನ್ ಕೊಂಡು ಇನ್ನೊಂದು ಟರ್ನ್ ಮಾರಿದರೆ ಕೈಗೆ 50. ಏನಕ್ಕೂ ಸಾಲಲ್ಲ. 9ಕ್ಕೆ ಬಂದ ಮೇಲೆ 2,000ದ ಮಾಲು, 20 ಪರ್ಸೆಂಟ್, ಕೈಗೆ 400. ಆಗ ಉಸಿರು ಬಂತು. ನನಗೂ ಫೆಸಿಲಿಟಿಗೆ ನಾಲ್ಕು ಜಾಗ ಆದವು, ತಡಮಾಡದೆ ಸ್ಮಿಥಿ (ಕಮ್ಮಾರಸಾಲೆ) ಹಾಕಿದೆ. ಸ್ಮಿಥಿ ಇದ್ದರೆ ಆರ್ಮರಿ ಖರ್ಚು ಅರ್ಧ, 1,300 ಇದ್ದದ್ದು 650. ಬಾಯಿ ಮುಚ್ಚಿಸಿದ್ದು ಇದೇ ಲೆಕ್ಕ.

ನಡುವೆ ಒಂದು ಹುಚ್ಚು ಹತ್ತಿತು. ಅಡ್ಡಾಕ್ಕೆ ಕಾವಲು ಗೋಪುರ ಬೇಕಲ್ವಾ, ನಮ್ಮೂರ ಉಪಲಿ ಬುರುಜಿನ ಮಾಡೆಲ್ಲನ್ನೇ ಮಾಡೋಣ ಅಂತ ಹೊರಟೆವು. ನಿಜವಾದದ್ದು 80 ಅಡಿ ಆಸುಪಾಸು, ಆಟದ ಮ್ಯಾಪ್‌ನಲ್ಲಿ ಒಂದು ಇಂಚಿಗೆ 5 ಅಡಿ, ಹಾಗಾಗಿ ಮಾಡೆಲ್ 16 ಇಂಚು. ಥರ್ಮಾಕೋಲ್ ಬಿಲ್ಲೆ ಒಂದರ ಮೇಲೊಂದು ಅಂಟಿಸಿ, ಹೊರಗಿನಿಂದ ಸುತ್ತಿ ಹತ್ತುವ ಮೆಟ್ಟಿಲನ್ನು ಐಸ್‌ಕ್ರೀಮ್ ಕಡ್ಡಿ ತುಂಡರಿಸಿ ಕೂರಿಸಿದೆವು. ಗೆಳೆಯ ಸ್ಪ್ರೇ ಪೇಂಟ್ ಹೊಡೆದ, ಥರ್ಮಾಕೋಲ್ ಗುಳಿ ಬಿದ್ದು ಕರಗಿ ಮೆಟ್ಟಿಲೆಲ್ಲ ಜೋತುಬಿದ್ದವು. ಮುನ್ನೂರು-ನಾನೂರು ರೂಪಾಯಿ ಹೋಯಿತು. ಎರಡನೆಯದಕ್ಕೆ ಫೆವಿಕಾಲ್‌ನಲ್ಲಿ ಪೋಸ್ಟರ್ ಕಲರ್ ಕಲಸಿ ಬ್ರಶ್‌ನಲ್ಲೇ ಬಳಿದೆವು, ಗಟ್ಟಿಯಾಗಿ ನಿಂತಿದೆ. ಕಲ್ಲಿನ ಕಪ್ಪು ಛಾಯೆ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ, ಅದು ನನ್ನ ಹತ್ತಿರವೇ ಇರಲಿ.

ಹೋದ ತಿಂಗಳು 2,000 ಕೊಟ್ಟು ಬ್ಯಾರಕ್ ದೊಡ್ಡದು ಮಾಡಿದೆ. ಈಗ 25 ಜನರಿಗೆ ಜಾಗ. ಪೂರ್ತಿ ತುಂಬಿದರೆ ಆರ್ಮರಿಗೆ 2,600, ಸ್ಮಿಥಿಯಿಂದ 1,300. ವಿಝರ್ಡ್ ಗೆಳೆಯ ತನಗೆ ಸಿಕ್ಕ ಹೊಸ ಜಾಗದಲ್ಲಿ ಒಂದಕ್ಕೆ ತಾನೇ ಬ್ಯಾರಕ್ ತೆಗೆದುಕೊಂಡಿದ್ದಾನೆ.