ಗ್ರಾಮಸಭೆಯೂ ಸರ್ಕಾರವೂ ಜೊತೆಯಾಗಿ ಕಾಡು ನೋಡಿಕೊಳ್ಳುವುದು ಹೇಗೆ?

ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ 2011ರಲ್ಲೇ ಅಲ್ಲಿನ ಕಾಡಿನ ನಿವಾಸಿಗಳಾದ ಸೋಲಿಗ ಬುಡಕಟ್ಟಿನವರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ (ಊರಿನವರು ಒಟ್ಟಾಗಿ ಕಾಡನ್ನು ಬಳಸಿ ಕಾಪಾಡುವ ಹಕ್ಕಿನ ಪತ್ರ) ಸಿಕ್ಕಿತು. ಹೀಗೆ ಒಂದೇ ಕಾಡಿಗೆ ಕಾನೂನಿನ ಪ್ರಕಾರ ಇಬ್ಬರು ಹೊಣೆಗಾರರಾದರು: ಸರ್ಕಾರ ಮತ್ತು ಪೋಡಿನ (ಸೋಲಿಗರ ಊರಿನ) ಗ್ರಾಮಸಭೆ. ಇಬ್ಬರೂ ಕೂಡಿ ಕೆಲಸ ಮಾಡಲು 2006ರ ಅರಣ್ಯ ಹಕ್ಕು ಕಾಯ್ದೆ ದಾರಿ ಮಾಡಿಕೊಟ್ಟಿದೆ. ಆದರೂ ಹಲವು ಪೋಡುಗಳಲ್ಲಿ, ಇತರ ಬುಡಕಟ್ಟಿನವರ ಹಾಡಿಗಳಲ್ಲಿ ಕೆಲಸ ಶುರುವಿನಲ್ಲೇ ಎಡವುವುದನ್ನು ನೋಡಿದ್ದೇನೆ. ಆದ್ದರಿಂದಲೇ ಹಕ್ಕುಪತ್ರ ಪಡೆಯುವುದರಿಂದ ಯೋಜನೆ ಬರೆಯುವವರೆಗಿನ ಹೆಜ್ಜೆಗಳನ್ನು ಹೇಳುವ ಈ ಬರಹ.

ಮೊದಲು ಸಭೆ. ಅದನ್ನು ಕರೆಯಬೇಕಾದುದು ಗ್ರಾಮ ಪಂಚಾಯಿತಿ. ಸೇರಬೇಕಾದುದು ಪಂಚಾಯಿತಿ ಕಟ್ಟಡದಲ್ಲಲ್ಲ, ಪೋಡಿನಲ್ಲೇ. ಗ್ರಾಮಸಭೆಯ ಅರ್ಧದಷ್ಟು ಸದಸ್ಯರಾದರೂ ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಈ ಸಭೆ ಹಕ್ಕಿನ ಅರ್ಜಿಗಳನ್ನು ಪರಿಶೀಲಿಸುವ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಅರಣ್ಯ ಇಲಾಖೆಯ ನೌಕರರೇ ಕಾರ್ಯದರ್ಶಿಯಾಗಿರುವ ಹಳೆಯ ಗ್ರಾಮ ಅರಣ್ಯ ಸಮಿತಿಯನ್ನೇ ಇದೆಂದು ತೋರಿಸಿ ಮುಗಿಸುವವರಿದ್ದಾರೆ. ಅದು ಬೇರೆ, ಇದು ಬೇರೆ. ಇನ್ನು ಕೆಲವರು ಖಾಲಿ ಹಾಳೆಯ ಮೇಲೆ ಸಹಿ ಸಂಗ್ರಹಿಸಿ, ಬೇರೆ ಊರಿನ ಠರಾವನ್ನು ಆಮೇಲೆ ಅದಕ್ಕೆ ನಕಲು ಮಾಡುತ್ತಾರೆ. ಅಂಥ ಹಾಳೆಗೆ ಯಾರೂ ಸಹಿ ಹಾಕಬೇಡಿ.

ನಿಜವಾದ ಕಷ್ಟವಿರುವುದು ಹಕ್ಕು ಕೇಳುವ ಕಾಡಿನ ಎಲ್ಲೆ ಗುರುತಿಸುವ ಹಂತದಲ್ಲಿ. ಕಚೇರಿಯ ಮೇಜಿನ ಮೇಲೆ ನಕ್ಷೆ ಹರಡಿ ಗೆರೆ ಎಳೆದರೆ ಅದು ಎಲ್ಲೆಯಾಗುವುದಿಲ್ಲ. ಹಿರಿಯರನ್ನು ಮುಂದೆ ಬಿಟ್ಟು ಹಿಂದೆ ನಡೆಯಿರಿ. ಸೋಲಿಗರ ಕುಲಗಳಿಗೆ ತಮ್ಮ ತಮ್ಮ ಯೆಲ್ಲೆಗಳಿದ್ದು (ಕುಲಕ್ಕೆ ಸೇರಿದ ಕಾಡಿನ ಸೀಮೆಗಳು), ಅವುಗಳೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜೆಯ ನೆಲೆಗಳಿವೆ. ನಾನು ಜೊತೆಗೆ ಹೋದ ಒಂದು ನಡಿಗೆಯಲ್ಲಿ ಅಜ್ಜಿಯೊಬ್ಬರು ಲಂಟಾನವೆಂಬ ಕಳೆಗಿಡದ ಪೊದೆಯನ್ನು ಕೋಲಿನಿಂದ ಸರಿಸಿ, ಮಣ್ಣಲ್ಲಿ ಅರ್ಧ ಹೂತಿದ್ದ ಮೂರು ಕಲ್ಲುಗಳನ್ನು ತೋರಿಸಿದರು; ನಕ್ಷೆಯಲ್ಲಿ ಆ ಜಾಗ ಬರಿಯ ಹಸಿರು ಬಣ್ಣವಾಗಿತ್ತು. ಇಂಥ ಪ್ರತಿ ಜಾಗದಲ್ಲೂ ನಿಂತು ಜಿಪಿಎಸ್ ಅಳತೆ ತೆಗೆದುಕೊಂಡು, ಜಾಗದ ಹೆಸರನ್ನು ಹಿರಿಯರು ಆಡುವಂತೆಯೇ ಬರೆದು, ಹೇಳಿದವರ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಿರಿ. ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಕಾಯ್ದೆಯ ನಿಯಮಗಳು ಅದನ್ನು ಸಾಕ್ಷ್ಯವೆಂದು ಒಪ್ಪುತ್ತವೆ. ದಟ್ಟ ಮರಗಳ ಕೆಳಗೆ ಮೊಬೈಲಿನ ಉಚಿತ ಆ್ಯಪ್‌ಗಳನ್ನು ನಂಬಬೇಡಿ. ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣವನ್ನೇ ಎರವಲು ತನ್ನಿ.

ನಡಿಗೆಯ ದಿನವನ್ನು ಅರಣ್ಯ ಮತ್ತು ಕಂದಾಯ ಇಲಾಖೆಗಳಿಗೆ ಮುಂಚಿತವಾಗಿ ಪತ್ರದ ಮೂಲಕ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಆ ನಿಯಮಗಳ 2012ರ ತಿದ್ದುಪಡಿಯಂತೆ ಆ ಅಧಿಕಾರಿಗಳು ಸ್ಥಳದಲ್ಲಿ ಹಾಜರಿದ್ದು, ನಡಾವಳಿಗೆ ಹುದ್ದೆ ಮತ್ತು ದಿನಾಂಕ ಸಹಿತ ಸಹಿ ಹಾಕಬೇಕು. ಈ ಸಹಿಗಳಿಲ್ಲದ ಕಾರಣಕ್ಕೆ ಒಂದು ಹಾಡಿಯವರು ಮಳೆಗಾಲ ಕಳೆದ ಮೇಲೆ ಅದೇ ದಾರಿಯನ್ನು ಎರಡನೆಯ ಸಲ ನಡೆಯಬೇಕಾಯಿತು. ನೆರೆಯ ಪೋಡಿನ ಎಲ್ಲೆಯೊಂದಿಗೆ ತಕರಾರಿದ್ದರೆ ಎರಡೂ ಅರಣ್ಯ ಹಕ್ಕು ಸಮಿತಿಗಳು ಒಟ್ಟಿಗೆ ಕೂತು ಮಾತಾಡಲಿ. ಗ್ರಾಮಸಭೆಗಳಲ್ಲೂ ಬಗೆಹರಿಯದಿದ್ದಾಗ ಮಾತ್ರ ಅದು ಉಪವಿಭಾಗ ಮಟ್ಟದ ಸಮಿತಿಗೆ ಹೋಗಬೇಕು.

ಅನಂತರ ಹಕ್ಕು ಕೇಳುವ ಅರ್ಜಿಯ ನಮೂನೆ ತುಂಬಿ, ಗ್ರಾಮಸಭೆಯ ನಿರ್ಣಯದೊಂದಿಗೆ ಉಪವಿಭಾಗ ಮಟ್ಟದ ಸಮಿತಿಗೆ ಕಳುಹಿಸಿ. ಅಲ್ಲಿಂದ ಅದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ.

ಹಕ್ಕುಪತ್ರ ಬಂದ ಮೇಲೆ ಗ್ರಾಮಸಭೆ ಇದಕ್ಕೆಂದೇ ರಚಿಸುವ ಸಮಿತಿ ಕಾಡಿನ ಸಂರಕ್ಷಣೆ ಮತ್ತು ನಿರ್ವಹಣೆಯ ಯೋಜನೆ ಬರೆಯಬೇಕು, ಅದು ಅರಣ್ಯ ಇಲಾಖೆಯ ಕಾರ್ಯಯೋಜನೆಯೊಂದಿಗೆ ಕೂಡಬೇಕು. ಇಲ್ಲಿ ದೊಡ್ಡ ಜಗಳದ ವಿಷಯದಿಂದ ಆರಂಭಿಸುವುದು ತಪ್ಪು. ಹಿಂದೆ ಬೇಸಿಗೆಯ ಶುರುವಿನಲ್ಲಿ ಹಾಕುತ್ತಿದ್ದ ತರಗು ಬೆಂಕಿ (ನೆಲದ ಒಣ ಎಲೆ ಸುಡುವ ಸಣ್ಣ ಬೆಂಕಿ) ನಿಂತದ್ದರಿಂದಲೇ ಲಂಟಾನ ಹಬ್ಬಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಇಲಾಖೆಗೆ ಬೆಂಕಿಯೆಂದರೆ ಅಪಾಯ. ಹಿರಿಯರ ಮಾತನ್ನು ಯೋಜನೆಯಲ್ಲಿ ಪೂರ್ತಿಯಾಗಿ ದಾಖಲಿಸಿ, ಮೊದಲ ವರ್ಷ ಇಬ್ಬರೂ ಒಪ್ಪುವ ಲಂಟಾನ ಕೀಳುವ ಕೆಲಸವನ್ನೂ ಜೇನು ಕೊಯ್ಲಿನ ಕ್ರಮವನ್ನೂ ಹಿಡಿಯಿರಿ. ಯಾವ ಜಾಗ, ಎಷ್ಟು ಆಳು, ಕೂಲಿ ಯಾರದು ಎಂಬುದನ್ನು ಬರೆಯದ ಯೋಜನೆಗೆ ಒಪ್ಪಿಗೆ ಕೊಡಬೇಡಿ. ಮೂಲ ಪ್ರತಿ ಪೋಡಿನಲ್ಲಿರಲಿ, ಇಲಾಖೆಗೆ ನಕಲು ಹೋಗಲಿ. ಮರುವರ್ಷದ ಸಭೆಯಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿಸಿ, ಆಗದೆ ಉಳಿದ ಕೆಲಸದ ಪಕ್ಕದಲ್ಲಿ ಕಾರಣವನ್ನು ಬರೆಸಿ.